ಎರಡು ಇಡ್ಲಿ, ಚಟ್ನಿ ಇಲ್ಲದೆ

ರಕ್ತ ಪರೀಕ್ಷೆಗೆ ಹೋಗಬೇಕಾದ ಮನುಷ್ಯ ಹಿಂದಿನ ದಿನದಿಂದಲೇ ಹಾಡು ಗುನುಗುತ್ತಾ ಓಡಾಡುತ್ತಿದ್ದರೆ ಹೆಂಡತಿಯಾದವಳಿಗೆ ಅನುಮಾನ ಬರಬೇಕು. ತುಂಗಮ್ಮನವರಿಗೆ ಮೂರು ವರ್ಷ ಬರಲಿಲ್ಲ. ಅದು ಅವರ ಒಳ್ಳೆಯತನ. ಆ ಒಳ್ಳೆಯತನದ ಕಾವಲಿಯ ಮೇಲೆ ಶಾಂತವೀರಪ್ಪನವರು ಮೂರು ವರ್ಷ ದೋಸೆ ಹುಯ್ದುಕೊಂಡರು.

ಶಾಂತವೀರಪ್ಪನವರಿಗೆ ಆಲ್ದೂರಿನ ಹತ್ತಿರ ಹನ್ನೆರಡು ಎಕರೆ ಕಾಫಿ ತೋಟ. ಲೆಕ್ಕಪತ್ರಕ್ಕೆಂದು ರೈಟರ್ ಇಡುವಷ್ಟು ದೊಡ್ಡದಲ್ಲ, ತಾವೇ ಎಲ್ಲ ಮಾಡಿಕೊಳ್ಳುವಷ್ಟು ಚಿಕ್ಕದೂ ಅಲ್ಲ. ಒಬ್ಬ ಮೇಸ್ತ್ರಿ ಇದ್ದ. ಆಳುಗಳ ಹಾಜರಿ ಬರೆಯುವ ಮಸ್ಟರ್ ಮಾತ್ರ ಸಾಹುಕಾರರ ಕೈಯಲ್ಲೇ. ಹೊಸ ಸಹಸ್ರಮಾನ ಬಂತೆಂದು ಜಗತ್ತು ಪಟಾಕಿ ಹೊಡೆದ ವರ್ಷ ಕಾಫಿ ರೇಟು ಇಳಿಯಿತು, ಶಾಂತವೀರಪ್ಪನವರ ಸಕ್ಕರೆ ಏರಿತು. ಏರಬೇಕಾದದ್ದು ಇಳಿದು, ಇಳಿಯಬೇಕಾದದ್ದು ಏರುವುದು ಅವರ ಜಾತಕದಲ್ಲೇ ಇದೆ ಎಂದು ಅವರು ಬಂದವರಿಗೆಲ್ಲ ಹೇಳಿಕೊಂಡರು.

ಚಿಕ್ಕಮಗಳೂರಿನ ಡಾಕ್ಟರ್ ಕಾಶೀನಾಥರು ಒಂದು ಪಥ್ಯದ ಚಾರ್ಟು ಕೊಟ್ಟರು. ತುಂಗಮ್ಮನವರು ಅದನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ ಅಂದಿನಿಂದ ಶಾಸನದಂತೆ ಪಾಲಿಸಿದರು. ಸೋಮವಾರ ಮೆಂತ್ಯದ ಸೊಪ್ಪು, ಮಂಗಳವಾರ ನುಗ್ಗೆ ಸೊಪ್ಪು, ಹೀಗೆ ವಾರವಿಡೀ ಹಸಿರು. ಗುರುವಾರ ಹಾಗಲಕಾಯಿ ಗೊಜ್ಜು, ಬೆಲ್ಲ ಹಾಕದ್ದು. (ಬೆಲ್ಲವಿಲ್ಲದ ಹಾಗಲಕಾಯಿ ಗೊಜ್ಜಿಗೆ ಗೊಜ್ಜು ಎಂಬ ಹೆಸರು ಯಾಕೆ? ಶಿಕ್ಷೆ ಎಂದರೆ ಸಾಕಲ್ಲ.) ಸ್ವಂತ ತೋಟದ ಕಾಫಿಯನ್ನೇ ಸಕ್ಕರೆಯಿಲ್ಲದೆ ಕುಡಿಯುವ ಗತಿ ಬಂತು. ಜೊತೆಗೆ ತುಂಗಮ್ಮನವರು ತಾವೂ ಸಕ್ಕರೆ ಬಿಟ್ಟರು.

“ನಿಂಗೆ ಎಂಥಾ ಕಾಯಿಲೇನೇ? ನೀನ್ಯಾಕೆ ಬಿಡ್ಬೇಕು?” ಎಂದು ಕೇಳಿದ್ದಕ್ಕೆ, “ನಿಮಗಿಲ್ಲದ್ದು ನನ್ನ ಗಂಟಲಲ್ಲಿ ಇಳಿಯತ್ತಾ?” ಎಂದುಬಿಟ್ಟರು. ಹೆಂಡತಿ ಬೈದರೆ ತಿರುಗಿ ಬೈಯಬಹುದು. ಹೀಗೆ ಎದುರು ಕೂತು ತಾನೂ ಹಾಗಲಕಾಯಿ ತಿಂದರೆ ಗಂಡಸು ಏನು ಮಾಡಬೇಕು?

ಆದರೆ ಕಷ್ಟ ಕೊಟ್ಟ ದೇವರು ಕಿಂಡಿಯನ್ನೂ ಇಟ್ಟಿದ್ದ. ತಿಂಗಳ ಎರಡನೇ ಗುರುವಾರ ಚಿಕ್ಕಮಗಳೂರಿಗೆ ಹೋಗಿ ರಕ್ತ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಒಂದು ಸಲ. ಆಮೇಲೆ ತಿಂಡಿ ತಿಂದು, ಎರಡು ಗಂಟೆ ಬಿಟ್ಟು, ಮತ್ತೊಂದು ಸಲ. “ಏನಾದ್ರೂ ತಿಂದ್ಕೊಂಡೇ ಬರ್ಬೇಕು, ಮರೀಬೇಡಿ” ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಿದ್ದರು. ವೈದ್ಯರ ಆಜ್ಞೆ! ಮೀರಲು ಶಾಂತವೀರಪ್ಪನವರು ಯಾರು?

ಕ್ಲಿನಿಕ್ಕಿನ ಸಾಲು ಕರಗಿ ಮೊದಲನೇ ಸಲ ರಕ್ತ ಕೊಟ್ಟು ಹೊರಬರುವಾಗ ಹತ್ತು ಗಂಟೆ. ಈ ಹತ್ತು ಗಂಟೆಯ ಬಗ್ಗೆ ಅವರು ಒಂದು ಸಿದ್ಧಾಂತವನ್ನೇ ಕಟ್ಟಿದ್ದರು. ಏಳು ಗಂಟೆಯ ದೋಸೆ ಕಾವಲಿಯನ್ನು ಪಳಗಿಸಲು ಹುಯ್ಯುವುದು. ಒಂಬತ್ತರ ದೋಸೆ ಆಫೀಸಿನವರ ಗಡಿಯಾರಕ್ಕೆ ಹುಯ್ಯುವುದು. ಹತ್ತರ ದೋಸೆ ಮಾತ್ರ ಮನುಷ್ಯನಿಗಾಗಿ ಹುಯ್ಯುವುದು. ಆಗ ಮೇಜು ಖಾಲಿ, ಚಟ್ನಿ ಎರಡನೇ ಸಲ ರುಬ್ಬಿದ್ದು, ಮಾಣಿಗೆ ಮಾತಾಡಲು ಪುರುಸೊತ್ತು. ಮೂರು ವರ್ಷದ ಸಂಶೋಧನೆಯಲ್ಲಿ ಅವರು ಊರಿನ ಐದು ಜಾಗಗಳನ್ನು ಪುಣ್ಯಕ್ಷೇತ್ರಗಳೆಂದು ನಿರ್ಧರಿಸಿ ಸರದಿಯ ಮೇಲೆ ಯಾತ್ರೆ ಮಾಡುತ್ತಿದ್ದರು.

ಮನೆಗೆ ಬಂದ ಮೇಲೆ ಸಂಭಾಷಣೆ ಪ್ರತಿ ತಿಂಗಳೂ ಒಂದೇ.

“ಏನ್ ತಿಂದ್ರಿ?”

“ಸಿದ್ದಬಸಪ್ಪನ ಹೋಟೆಲಲ್ಲಿ ಎರಡು ಇಡ್ಲಿ. ಚಟ್ನಿ ಕೂಡ ಮುಟ್ಲಿಲ್ಲ.”

“ಅಯ್ಯೋ ಪಾಪ.”

ಆ ‘ಪಾಪ’ ಶಾಂತವೀರಪ್ಪನವರ ಎದೆಗೆ ಸ್ವಲ್ಪ ಚುಚ್ಚುತ್ತಿತ್ತು. ಅದಕ್ಕಿಂತ ಜಾಸ್ತಿ ಚುಚ್ಚುತ್ತಿದ್ದದ್ದು ರಿಪೋರ್ಟು. ಖಾಲಿ ಹೊಟ್ಟೆಯದು ಚೆನ್ನಾಗಿಯೇ ಇರುತ್ತಿತ್ತು. ತಿಂದ ಮೇಲಿನದು ಇನ್ನೂರ ಎಂಬತ್ತಕ್ಕೆ ಹಾರುತ್ತಿತ್ತು. ತುಂಗಮ್ಮನವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡುವರು. “ಎರಡು ಇಡ್ಲಿಗೆ ಇಷ್ಟೊಂದಾ? ಆ ಇಡ್ಲೀಗೆ ಎಂತ ಹಾಕ್ತಾರಂತೆ?” ಎನ್ನುವರು. “ಪೇಟೆ ಅಕ್ಕಿ ಕಣೇ, ನಂಬೋಕಾಗಲ್ಲ” ಎಂದು ಇವರು ಗಂಭೀರವಾಗಿ ತಲೆ ಆಡಿಸುವರು. ಹೋದ ಮಳೆಗಾಲದಲ್ಲಂತೂ ಆಕೆ, “ನನ್ನ ಕೈ ಅಡಿಗೇಲೇ ಏನೋ ಸರಿ ಇಲ್ಲ” ಎಂದು ಕಣ್ಣೊರೆಸಿಕೊಂಡು, ಮಾರನೇ ದಿನದಿಂದ ಬೆಳಿಗ್ಗೆ ಒಂದು ಲೋಟ ಹಾಗಲಕಾಯಿ ರಸ ಶುರುಮಾಡಿದರು. ಇವರಿಗೊಂದು ಲೋಟ, ತಮಗೊಂದು ಲೋಟ. ಅವತ್ತು ಶಾಂತವೀರಪ್ಪನವರು ನಿಜ ಹೇಳಿಯೇಬಿಡೋಣ ಎಂದುಕೊಂಡರು. ಅಷ್ಟರಲ್ಲಿ ಎರಡನೇ ಗುರುವಾರ ಬಂತು. ದೋಸೆ ತಿಂದು ಬಂದು ಹೇಳೋಣ ಎಂದು ಮುಂದೆ ಹಾಕಿದರು.

ಹೀಗಿರುವಾಗ ಮೈಸೂರಿನಲ್ಲಿ ಓದುತ್ತಿದ್ದ ತಮ್ಮನ ಮಗ ದರ್ಶನ್ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಾಬಾಬುಡನ್‌ಗಿರಿ ನೋಡಲು ಬಂದ. ದೊಡ್ಡಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, “ದೊಡ್ಡಪ್ಪ, ಚಿಕ್ಕಮಗಳೂರಲ್ಲಿ ಬ್ರಂಚ್‌ಗೆ ಒಳ್ಳೆ ಜಾಗ ಯಾವ್ದು?” ಎಂದ.

“ಎಂತದು ಮಾರಾಯ ಅದು?”

“ತಿಂಡಿಯೂ ಅಲ್ಲ, ಊಟಾನೂ ಅಲ್ಲ ದೊಡ್ಡಪ್ಪ. ಹತ್ತು, ಹತ್ತೂವರೆಗೆ ಗಡದ್ದಾಗಿ ತಿನ್ನೋದು.”

ಶಾಂತವೀರಪ್ಪನವರಿಗೆ ಮೈ ಜುಮ್ಮೆಂದಿತು. ತಾವು ಮೂರು ವರ್ಷದಿಂದ ಕದ್ದು ಮಾಡುತ್ತಿದ್ದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಮರ್ಯಾದಸ್ಥ ಹೆಸರಿದೆ! ಅಡಿಗೆಮನೆಗೆ ಹೋಗಿ ಚಾರ್ಟು ನೋಡಿದರು. ಬೆಳಗಿನ ತಿಂಡಿಗೆ ನಿಷೇಧಗಳಿದ್ದವು, ಮಧ್ಯಾಹ್ನದ ಊಟಕ್ಕಿದ್ದವು, ರಾತ್ರಿಗೂ ಇದ್ದವು. ಬ್ರಂಚಿನ ಕಲಮೇ ಇರಲಿಲ್ಲ. ಅಂದರೆ ಕಾನೂನಿನ ಪ್ರಕಾರ ತಮ್ಮದು ತಪ್ಪೇ ಅಲ್ಲ ಎಂದು ಅವರಿಗೆ ಬಹಳ ಸಮಾಧಾನವಾಯಿತು.

ಆ ಹುಮ್ಮಸ್ಸಿನಲ್ಲಿ ಕೈಗೆ ಸಿಕ್ಕ ಒಂದು ಖಾಲಿ ಮಸ್ಟರ್ ಹಾಳೆ ಎಳೆದುಕೊಂಡು ಬರೆಯತೊಡಗಿದರು. ‘ಆಳಿನ ಹೆಸರು’ ಎಂಬಲ್ಲಿ ಹೋಟೆಲಿನ ಹೆಸರು. ‘ಕೆಲಸ’ ಎಂಬಲ್ಲಿ ತಿನ್ನಬೇಕಾದ್ದು. ಕೊನೆಯ ‘ಷರಾ’ದಲ್ಲಿ ಅನುಭವದ ಸಾರ. ಬಸವನಹಳ್ಳಿಯ ಜಗಲಿ ಅಂಗಡಿ: ಪಡ್ಡು. ಷರಾ: ಅಜ್ಜಿಗೆ ಕಿವಿ ಮಂದ, ಬೆರಳಲ್ಲಿ ಲೆಕ್ಕ ತೋರಿಸುವುದು. ಕೋರ್ಟಿನ ಎದುರು: ಪೂರಿ ಸಾಗು. ಷರಾ: ವಕೀಲರ ಪಕ್ಕ ಕೂರುವುದು, ಅವರಿಗೆ ಬಿಸಿ ಮೊದಲು ಬರುತ್ತದೆ. ಮೊದಲನೇ ಸಾಲಿನ ಸಿದ್ದಬಸಪ್ಪನಿಗಂತೂ ಷರಾದ ಜಾಗ ಸಾಲದೆ ಅಂಚಿಗೂ ಹರಿಯಿತು. ದರ್ಶನ್ ಓದಿ, “ದೊಡ್ಡಪ್ಪ, ನೀವು ದೊಡ್ಡ ಮನುಷ್ಯ” ಎಂದ. ಇಷ್ಟು ವರ್ಷದ ಸಾಧನೆಯನ್ನು ಒಬ್ಬರಾದರೂ ಗುರುತಿಸಿದರಲ್ಲ ಎಂದು ಶಾಂತವೀರಪ್ಪನವರ ಕಣ್ಣು ತೇವವಾಯಿತು.

ಹುಡುಗರು ಹೋದ ಎರಡು ದಿನಕ್ಕೆ ತುಂಗಮ್ಮನವರು ಗೊಜ್ಜು ಬಡಿಸುತ್ತಾ ಹೇಳಿದರು. “ಈ ಸಲ ರಕ್ತ ಕೊಡೋಕೆ ನಾನೂ ಬರ್ತೀನಿ.”

“ನೀನ್ಯಾಕೆ? ಬಸ್ಸಿನಲ್ಲಿ ನೂಕಾಟ.”

“ನೂಕಿಸ್ಕೊಂಡೇ ಬರ್ತೀನಿ.”

ಆ ಗುರುವಾರ ಶಾಂತವೀರಪ್ಪನವರು ಹಾಡು ಗುನುಗಲಿಲ್ಲ. ನೀವು ಉಪವಾಸ ಇರುವಾಗ ನಾನು ಹೇಗೆ ತಿನ್ನಲಿ ಎಂದು ತುಂಗಮ್ಮನವರೂ ಖಾಲಿ ಹೊಟ್ಟೆಯಲ್ಲೇ ಹೊರಟರು. ಕ್ಲಿನಿಕ್ಕಿನಿಂದ ಹೊರಬಿದ್ದಾಗ ಶಾಂತವೀರಪ್ಪನವರ ಕಾಲು ಅಭ್ಯಾಸಬಲದಿಂದ ಸಿದ್ದಬಸಪ್ಪನ ಹೋಟೆಲಿದ್ದ ಮಾರ್ಕೆಟ್ ರಸ್ತೆಯ ಕಡೆ ತಿರುಗಿತು. ಅವರು ಅದನ್ನು ಬಲವಂತವಾಗಿ ಈ ಕಡೆ ತಿರುಗಿಸಿದರು. ಸಿದ್ದಬಸಪ್ಪನ ಪದ್ಧತಿ ಅವರಿಗೆ ಗೊತ್ತಿತ್ತು. ಇವರ ತಲೆ ಕಂಡ ಕೂಡಲೇ ಗಲ್ಲಾದಿಂದಲೇ, “ಶಾಂತವೀರಪ್ನೋರು ಬಂದ್ರು, ಬೆಣ್ಣೆ ತೆಗೀರೋ!” ಎಂದು ಕೂಗುತ್ತಿದ್ದ.

“ಇವತ್ತು ಬೇರೆ ಎಲ್ಲಾದ್ರೂ ಹೋಗಣ.”

“ಬೇಡ. ನೀವು ಯಾವಾಗ್ಲೂ ತಿನ್ನೋ ಇಡ್ಲೀನೇ ನಾನು ನೋಡ್ಬೇಕು.”

“ಹಂಗಾದ್ರೆ ನೀನು ಬಳೆ ಅಂಗಡಿ ಹತ್ರ ನಿಂತಿರು. ನಾನು ಮುಂಚೆ ಹೋಗಿ ಜಾಗ ಹಿಡೀತೀನಿ.”

“ಜಾಗ ಯಾಕೆ ಹಿಡೀಬೇಕು? ಹತ್ತರ ಮೇಲೆ ಆಫೀಸಿನೋರೆಲ್ಲ ಖಾಲಿ ಅಲ್ವಾ?” ಎನ್ನುತ್ತಾ ತುಂಗಮ್ಮನವರು ಮುಂದೆ ನಡೆದೇಬಿಟ್ಟರು. ಭಯದಲ್ಲಿದ್ದ ಶಾಂತವೀರಪ್ಪನವರಿಗೆ ಈ ಮಾತು ಎಲ್ಲೋ ಕೇಳಿದ್ದೇನಲ್ಲ ಎಂದು ಹೊಳೆಯಲಿಲ್ಲ.

ಗಲ್ಲಾದ ಮೇಲಿದ್ದ ಸಿದ್ದಬಸಪ್ಪ ಬಾಯಿ ತೆರೆದ. ಹೆಂಡತಿಯ ಬೆನ್ನ ಹಿಂದಿನಿಂದ ಶಾಂತವೀರಪ್ಪನವರು ಕಣ್ಣು ಹೊಡೆದರು, ತಲೆ ಅಲ್ಲಾಡಿಸಿದರು, ತುಟಿಯ ಮೇಲೆ ಬೆರಳಿಟ್ಟರು, ಕೊನೆಗೆ ಕೈ ಮುಗಿದರು. ಮೂವತ್ತು ವರ್ಷ ಗಲ್ಲಾದ ಮೇಲೆ ಕೂತು ಗಂಡಂದಿರ ಜಾತಿಯನ್ನೇ ಅರೆದು ಕುಡಿದಿದ್ದ ಸಿದ್ದಬಸಪ್ಪ ಬಾಯಿಗೆ ಬಂದ ಮಾತನ್ನು ಅರ್ಧಕ್ಕೇ ತಿರುಗಿಸಿದ.

“ಬನ್ನಿ ಬನ್ನಿ. ತಾವು ನಮ್ ಹೋಟೆಲಿಗೆ ಇದೇ ಮೊದ್ಲು ಅಂತ ಕಾಣತ್ತೆ.”

“ಮೊದ್ಲು ಯಾಕೆ? ತಿಂಗಳು ತಿಂಗಳು ಬರ್ತಾರಲ್ಲ” ಎಂದರು ತುಂಗಮ್ಮನವರು. “ಎರಡು ಇಡ್ಲಿ, ಚಟ್ನಿ ಇಲ್ದೆ.”

“ಓಹೋ, ಚಟ್ನಿ ಮುಟ್ಟದೋರು! ಗುರ್ತು ಸಿಗ್ಲಿಲ್ಲ ನೋಡಿ. ನಮ್ಮಲ್ಲಿ ಅಂಥಾ ಮಹಾತ್ಮರು ಇವ್ರೊಬ್ರೇ ಅಕ್ಕಾವ್ರೇ.”

ಶಾಂತವೀರಪ್ಪನವರಿಗೆ ಹೋದ ಜೀವ ಬಂದಂತಾಯಿತು. ತುಂಗಮ್ಮನವರು ನೇರ ಹೋಗಿ ಕಿಟಕಿ ಪಕ್ಕದ ಎರಡನೇ ಮೇಜಿಗೆ ಕೂತರು. ಮಾಣಿ ಬಂದ.

“ಇವ್ರಿಗೆ ಎರಡು ಇಡ್ಲಿ. ನಂಗೆ ಒಂದು ಬೆಣ್ಣೆ ಮಸಾಲೆ. ಕೆಂಪಗೆ ಬರ್ಲಿ, ಪಲ್ಯ ಬೇರೆ ಇಡಿ. ಚಟ್ನಿ ಎರಡು ಸಲ ಬೇಕಾಗತ್ತೆ.”

ದೋಸೆ ಬಂತು. ಕೆಂಪಗೆ, ಗರಿಗರಿಯಾಗಿ, ನೆತ್ತಿಯ ಮೇಲೆ ಕರಗುತ್ತಿರುವ ಬೆಣ್ಣೆಯ ಉಂಡೆ ಹೊತ್ತುಕೊಂಡು ಬಂತು. ಇವರ ಮುಂದೆ ಎರಡು ಇಡ್ಲಿ ಬೋಳುಬೋಳಾಗಿ ಬಂದು ಕೂತವು. ತುಂಗಮ್ಮನವರು ಮೊದಲನೇ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮುಖ ಹುಡುಗಿಯ ಮುಖದಂತಾಯಿತು. ಮದುವೆಯಾದ ಹೊಸತರಲ್ಲಿ ಈ ಮುಖ ಕಂಡಿದ್ದು ಶಾಂತವೀರಪ್ಪನವರಿಗೆ ನೆನಪಾಗಿ ಸಂಕಟವಾಯಿತು. ಬೆಣ್ಣೆಯ ವಾಸನೆಗೂ ಸಂಕಟವಾಯಿತು. ಯಾವ ಸಂಕಟ ಎಷ್ಟು ಎಂದು ಅವರಿಗೇ ತಿಳಿಯಲಿಲ್ಲ.

“ಇಡ್ಲಿ ಹೇಗಿದೆ?”

“ಮೆತ್ತಗಿದೆ” ಎಂದರು ಶಾಂತವೀರಪ್ಪನವರು.

“ಮಾಣೀ, ಒಂದು ಜಾಮೂನು.”

“ತುಂಗಾ! ನೀನು ಸಕ್ಕರೆ ಬಿಟ್ಟಿದ್ದೆಯಲ್ಲ?”

“ಬಿಟ್ಟಿದ್ದೆ. ಇವತ್ತು ಹಿಡ್ಕೊಂಡೆ” ಎಂದು ಅವರು ಜಾಮೂನನ್ನು ಚಮಚದಲ್ಲಿ ಎರಡು ಹೋಳು ಮಾಡಿದರು. ಒಂದು ಹೋಳು ತಮಗೇನೋ ಎಂದು ಶಾಂತವೀರಪ್ಪನವರು ಸ್ವಲ್ಪ ಮುಂದೆ ಬಾಗಿದರು. ಎರಡು ಹೋಳೂ ಒಂದೇ ಬಾಯಿಗೆ ಹೋದವು.

ಮಧ್ಯಾಹ್ನ ರಿಪೋರ್ಟು ಬಂತು. ತಿಂದ ಮೇಲೆ ನೂರ ಮೂವತ್ತೆಂಟು! ಡಾಕ್ಟರ್ ಕಾಶೀನಾಥರು ಕುರ್ಚಿಯಿಂದ ಎದ್ದೇಬಿಟ್ಟರು. “ಮೂರು ವರ್ಷದಲ್ಲಿ ನನ್ನ ಮಾತ್ರೆ ಮಾಡ್ದಿರೋದನ್ನ ಒಂದೇ ದಿನದಲ್ಲಿ ಹೇಗೆ ಮಾಡಿದ್ರಿ ಅಮ್ಮಾ?”

“ಏನೂ ಇಲ್ಲ ಡಾಕ್ಟ್ರೇ. ಎದುರಿಗೆ ಕೂತಿದ್ದೆ.”

ಬಂದದ್ದು ಬಂದಿದ್ದೀರಿ ಎಂದು ಡಾಕ್ಟರು ಆಕೆಯ ರಕ್ತವನ್ನೂ ತೆಗೆಸಿದರು. ಬೆಣ್ಣೆ ಮಸಾಲೆಯ ಮೇಲೆ ಜಾಮೂನು ತಿಂದ ರಕ್ತದಲ್ಲಿ ಬರೀ ನೂರಾಹತ್ತು. ಮೂರು ವರ್ಷದ ಹಾಗಲಕಾಯಿಯ ಫಲ ಯಾರಿಗೆ ಸಿಗಬಾರದಿತ್ತೋ ಅವರಿಗೆ ಸಿಕ್ಕಿತ್ತು. (ಇದು ಶಾಂತವೀರಪ್ಪನವರ ಅಭಿಪ್ರಾಯ.) ಡಾಕ್ಟರು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ, ‘ಇನ್ನು ಮುಂದೆ ಪ್ರತಿ ತಿಂಗಳೂ ಪತ್ನೀಸಮೇತ ಬರತಕ್ಕದ್ದು’ ಎಂದು ಬರೆದು ಸಹಿ ಹಾಕಿದರು. ವೈದ್ಯರ ಆಜ್ಞೆ.

ಆಲ್ದೂರಿನ ಬಸ್ಸಿನಲ್ಲಿ ಕೂತ ಮೇಲೆ ತುಂಗಮ್ಮನವರು ಚೀಲದಿಂದ ಕನ್ನಡಕ ತೆಗೆದರು. ಆಮೇಲೆ ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದರು. ಹಾಳೆ ಬಿಚ್ಚುವ ಮೊದಲೇ ಶಾಂತವೀರಪ್ಪನವರಿಗೆ ಅದರ ಹಿಂಬದಿಯ ಗೀಟುಗಳು ಕಂಡವು. ಅದು ಮಸ್ಟರ್ ಹಾಳೆ.

“ದರ್ಶನ್ ದಿಂಬಿನ ಕೆಳಗೆ ಬಿಟ್ಟು ಹೋಗಿದ್ದ” ಎಂದರು ತುಂಗಮ್ಮನವರು. ಆಮೇಲೆ ಪುರಾಣ ಓದುವ ರಾಗದಲ್ಲಿ ಓದಿದರು. “‘ಸಿದ್ದಬಸಪ್ಪನ ಹೋಟೆಲು. ಷರಾ: ಕಿಟಕಿ ಪಕ್ಕದ ಎರಡನೇ ಮೇಜು. ಹತ್ತರ ಮೇಲೆ ಆಫೀಸಿನವರು ಖಾಲಿ. ಪಲ್ಯ ಬೇರೆ ಇಡಿಸುವುದು. ಚಟ್ನಿ ಎರಡು ಸಲ. ಜಾಮೂನು ಕೊನೆಗೆ, ಅವಸರ ಮಾಡದೆ.’”

ಬಸ್ಸು ಹೊರಟಿತು. ಶಾಂತವೀರಪ್ಪನವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ಸಿಕ್ಕಿದ ದಿನಾನೇ ಬೈದುಬಿಡ್ಬೇಕಿತ್ತು ನೀನು” ಎಂದರು ಕೊನೆಗೆ.

“ಬೈಯೋಣ ಅಂತಾನೇ ಓದೋಕೆ ಕೂತೆ. ಓದ್ತಾ ಓದ್ತಾ ಬಾಯಲ್ಲಿ ನೀರು ಬಂತು.” ತುಂಗಮ್ಮನವರು ನಕ್ಕರು. ಮತ್ತೆ ನಗು ನಿಲ್ಲಿಸಿದರು. “ನೀವು ತಿಂದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣ್ರೀ. ಮೂರು ವರ್ಷ ನಿಮ್ಮ ಜೊತೆ ಕಹಿ ತಿಂದೆ. ಒಂದು ದಿನ, ಬಾರೇ ದೋಸೆ ತಿನ್ನೋಣ ಅಂತ ಕರೀಲಿಲ್ವಲ್ಲ ನೀವು.”

ಶಾಂತವೀರಪ್ಪನವರಿಗೆ ನಿಜವಾಗಿ ನಾಚಿಕೆಯಾಯಿತು. ಬ್ರಂಚಿನ ಕಲಮು ಚಾರ್ಟಿನಲ್ಲಿ ಇಲ್ಲವೆಂಬ ವಾದ ಈ ಮಾತಿನ ಮುಂದೆ ನಿಲ್ಲುವಂಥದ್ದಲ್ಲ. ತಪ್ಪಾಯ್ತು ಎಂದು ಬಾಯಿಬಿಟ್ಟೇ ಹೇಳಿದರು. ಅಷ್ಟರಲ್ಲಿ ಆಕೆ ಅವರ ಜೇಬಿನ ಪೆನ್ನು ಎಳೆದುಕೊಂಡು, ಹಾಳೆಯನ್ನು ತೊಡೆಯ ಮೇಲಿಟ್ಟು, ಸಿದ್ದಬಸಪ್ಪನ ಸಾಲಿನಲ್ಲಿ ಆ ದಿನದ ಚೌಕ ಹುಡುಕಿ ಹಾಜರಿ ಹಾಕಿದರು. ಮೂವತ್ತು ವರ್ಷ ಗಂಡ ಹಾಜರಿ ಹಾಕುವುದನ್ನು ನೋಡಿ ಕಲಿತ ಕೈ, ಗುರುತು ಅಚ್ಚುಕಟ್ಟಾಗಿ ಬಿತ್ತು.

“ಮುಂದಿನ ತಿಂಗಳು ಬಸವನಹಳ್ಳಿ ಅಜ್ಜಿ ಪಡ್ಡು” ಎಂದರು. “ಅಲ್ಲಿ ನಿಮಗೆ ಇಡ್ಲಿ ಸಿಗತ್ತಾ?”

“ಇಲ್ಲ” ಎಂದರು ಶಾಂತವೀರಪ್ಪನವರು, ಒಂದು ಸಣ್ಣ ಆಸೆಯಿಂದ. “ಅಲ್ಲಿ ಬರೀ ಪಡ್ಡು.”

“ಹಂಗಾದ್ರೆ ಚಿಂತೆ ಇಲ್ಲ. ನಿಮಗೆ ಮನೆಯಿಂದಲೇ ಡಬ್ಬಿ ತರ್ತೀನಿ.”

“ಡಬ್ಬೀಲಿ ಎಂತ ತರ್ತೀಯ?”

ತುಂಗಮ್ಮನವರು ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ಚೀಲದೊಳಗಿಟ್ಟು ಗುಂಡಿ ಹಾಕಿದರು.

“ಗುರುವಾರ ಅಲ್ವೇನ್ರೀ? ಹಾಗಲಕಾಯಿ ಗೊಜ್ಜು.”