ಅನಿಲ ಹುಡುಕುವವಳಿಗೆ ಗಂಡು ಹುಡುಕಿದ ಕತೆ

ಆಕಾಶದ ಕೆಲಸ ಮಾಡುವವರಿಗೆ ನೆಲದ ಮೇಲೆ ಸುಖವಿಲ್ಲ ಮಾರಾಯ್ರೇ. ವಾರಕ್ಕೊಂದು ಫಜೀತಿ ಆಗದಿದ್ದರೆ ನನಗೇ ಏನೋ ಕಳಕೊಂಡ ಹಾಗೆ ಅನ್ನಿಸುತ್ತದೆ. ನಕ್ಷತ್ರಗಳ ನಡುವೆ, ಗ್ಯಾಲಕ್ಸಿಗಳ ಸುತ್ತ ತೆಳ್ಳಗೆ ಹರಡಿಕೊಂಡಿರುವ ಅನಿಲ ನನ್ನ ಸಂಶೋಧನೆಯ ವಿಷಯ. ಗ್ಯಾಸ್ ಅಂದ ಕೂಡಲೇ ಸಿಲಿಂಡರ್ ಜೋಕು ಹೇಳುವವರಿಗೆ ಮೊದಲೇ ಕೈಮುಗಿದುಬಿಟ್ಟಿದ್ದೇನೆ. ಅವನ್ನೆಲ್ಲ ಬಿಡಿ, ನನ್ನ ಮದುವೆಯ ಮಾತುಕತೆಯಲ್ಲಿ ಆದದ್ದನ್ನು ಮಾತ್ರ ಹೇಳುತ್ತೇನೆ.

ಬಾಯಿ ಬಿಟ್ಟದ್ದು

ಅಪ್ಪನದು ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರ ಸಣ್ಣ ಉಡುಪಿ ಹೋಟೆಲು. ಘಣಸೋಲಿಯಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬರುವ ದಿನ ಅಮ್ಮ ಬೆಳಿಗ್ಗೆಯಿಂದ ಒಂದೇ ಮಾತು: "ಸೈಂಟಿಸ್ಟ್ ಅಂತ ಹೇಳಿ ಸುಮ್ಮನಿರು. ವಿವರಿಸಲಿಕ್ಕೆ ಹೋಗಬೇಡ."

ನಾನು ವಿವರಿಸಲಿಕ್ಕೆ ಹೋದೆ.

"ರಾತ್ರಿ ಕೆಲಸವಾ?" ಅಂತ ಹುಡುಗನ ತಾಯಿ ಕೇಳಿದರು.

"ಇಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ."

"ಹಗಲಲ್ಲಿ ಎಂಥ ನಕ್ಷತ್ರ?"

"ನಾನು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ನನಗೆ ಬೇಕಾದದ್ದು ಅತಿನೇರಳೆ ಬೆಳಕು. ಅದನ್ನು ನಮ್ಮ ಗಾಳಿಯೇ ತಡೆಯುತ್ತದೆ, ಹಾಗಾಗಿ ದೂರದರ್ಶಕ ಬಾಹ್ಯಾಕಾಶದಲ್ಲಿರುತ್ತದೆ. ಅದು ಕಳಿಸಿದ್ದನ್ನು ನಾನು ಕಂಪ್ಯೂಟರಿನಲ್ಲಿ ನೋಡುತ್ತೇನೆ."

"ಆ ಬೆಳಕು ಕಣ್ಣಿಗೆ ಕಾಣುತ್ತದಾ?"

"ಇಲ್ಲ."

"ಅನಿಲ?"

"ಅದೂ ಇಲ್ಲ."

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಬಾಯಿ ತೆರೆದ. "ಮತ್ತೆ ಅಲ್ಲಿ ಅನಿಲ ಉಂಟು ಅಂತ ಹೇಗೆ ಗೊತ್ತಾಗುತ್ತದೆ?"

ಹಿಂದೆ ಬಹಳ ದೂರದಲ್ಲಿ ಉರಿಯುವ ಕಾಯದ ಬೆಳಕು ಈ ಅನಿಲವನ್ನು ಹಾದು ಬರುತ್ತದೆ, ದಾರಿಯಲ್ಲಿ ಒಂದೊಂದು ಅನಿಲ ತನಗೆ ಬೇಕಾದ ಬಣ್ಣವನ್ನಷ್ಟೇ ನುಂಗುತ್ತದೆ, ಯಾವ ಬಣ್ಣ ಕಡಿಮೆಯಾಯಿತು ಅಂತ ನೋಡಿದರೆ ನುಂಗಿದ್ದು ಯಾರು ಅಂತ ಗೊತ್ತಾಗುತ್ತದೆ ಅಂದೆ. ಹುಡುಗ ತಟ್ಟೆಯಲ್ಲಿದ್ದ ಅಂಬಡೆ ಮರೆತು ಕೇಳಿಸಿಕೊಂಡ. ಅಂಬಡೆ ಬಿಟ್ಟು ನನ್ನ ಅನಿಲ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೆ ಅಲ್ಲೇ ಮನಸ್ಸಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮರುದಿನ ಸಂಬಂಧ ತಂದ ಚಿಕ್ಕಮ್ಮನ ಫೋನು. "ಹುಡುಗಿ ಚಂದ ಉಂಟಂತೆ. ಕೆಲಸ ಮಾತ್ರ ಇದ್ದ ಹಾಗೆ ಕಾಣುವುದಿಲ್ಲವಂತೆ. ಇಲ್ಲದ ಕೆಲಸಕ್ಕೆ ದಿನಾ ಲೋಕಲ್‌ನಲ್ಲಿ ಯಾಕೆ ನೇತಾಡುವುದು, ಮದುವೆಯಾದ ಮೇಲೆ ಬಿಡಲಿ ಅಂತ ಹುಡುಗನ ತಾಯಿ ಹೇಳಿದರು."

ನನಗೆ ಹುಡುಗನೂ ಬೇಕಿತ್ತು, ಕೆಲಸವೂ ಬೇಕಿತ್ತು.

ಗ್ರಹಣದ ಸಾಕ್ಷಿ

ಸಂಬಂಧ ಕುದುರುವ ಮೊದಲು ನಾಲ್ಕು ಕಡೆ ಗುಟ್ಟಾಗಿ ವಿಚಾರಿಸುವುದು ನಮ್ಮವರ ಪದ್ಧತಿ. ಆ ಕೆಲಸ ಬಿದ್ದದ್ದು ಹುಡುಗನ ಸೋದರಮಾವನ ಮೇಲೆ. ಅಂಬರನಾಥದಲ್ಲಿ ಅವರದೊಂದು ಸಣ್ಣ ಕಾರ್ಖಾನೆ. ನಮ್ಮ ಬಿಲ್ಡಿಂಗಿಗೆ ಬಂದು, ಬಾಡಿಗೆಗೆ ಫ್ಲ್ಯಾಟ್ ನೋಡುವವರ ಹಾಗೆ ನಟಿಸಿ, ನಾವು ಕಾಕು ಅಂತ ಕರೆಯುವ ನೆರೆಮನೆಯ ಮರಾಠಿ ಹೆಂಗಸಿನ ಹತ್ತಿರ ಮಾತಿಗೆ ನಿಂತರಂತೆ.

"ಇಲ್ಲಿ ನಕ್ಷತ್ರದ ಸೈಂಟಿಸ್ಟ್ ಇದ್ದಾರಂತೆ?"

ಕಾಕುಗೆ ನನ್ನ ಮೇಲೆ ಹಳೆಯ ಸಿಟ್ಟು. ಸೂರ್ಯಗ್ರಹಣದ ದಿನ ಬಿಲ್ಡಿಂಗಿಗೆ ಬಿಲ್ಡಿಂಗೇ ಟೆರೇಸಿನಲ್ಲಿತ್ತು. ವಿವರಿಸಲು ಬಾ ಅಂತ ಅವರು ನನ್ನ ಬಾಗಿಲು ಬಡಿದಿದ್ದರು. ದೂರದರ್ಶಕ ಬಳಸಲು ಸಮಯ ಕೇಳಿ ಅರ್ಜಿ ಬರೆದು ಬರೆದು ಸುಸ್ತಾಗಿದ್ದ ನಾನು, "ಅದು ನನ್ನ ಸಬ್ಜೆಕ್ಟ್ ಅಲ್ಲ ಕಾಕು" ಅಂತ ಹೇಳಿ ಮತ್ತೆ ಮುಸುಕು ಎಳೆದಿದ್ದೆ.

"ಸೈಂಟಿಸ್ಟಾ? ಅಯ್ಯೋ ದೇವಾ!" ಅಂದರಂತೆ ಕಾಕು. "ಇಡೀ ಠಾಣೆ ಜಿಲ್ಲೆಯಲ್ಲಿ ಗ್ರಹಣ ನೋಡದವಳು ಅವಳೊಬ್ಬಳೇ!"

ಸ್ಥಳ ಪರಿಶೀಲನೆ

ಇಷ್ಟಾದ ಮೇಲೆ ಬೇರೆಯವರು ಕೈಬಿಡುತ್ತಿದ್ದರು. ಆದರೆ ಸೋದರಮಾವ ಮಾಲು ನೋಡದೆ ಆರ್ಡರು ಕೊಡುವವರಲ್ಲ. ನವಿ ಮುಂಬಯಿಯ ನನ್ನ ಸಂಸ್ಥೆಗೇ ಬಂದುಬಿಟ್ಟರು. ಗೇಟಿನಿಂದ ಫೋನ್: "ಮೇಡಂ, ಆಪ್ ಕೇ ಮಾಮಾ ಆಯೇ ಹೈಂ." ನನಗೆ ಮಾವನೇ ಇಲ್ಲ! ಹೋಗಿ ನೋಡಿದರೆ ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದಾರೆ. ತಮ್ಮ ಗುರುತು ತಾವೇ ಹೇಳಿದರು. ಗುಟ್ಟಿನ ವಿಚಾರಣೆ ಅಲ್ಲಿಗೆ ಮುಗಿಯಿತು.

ಒಳಗೆ ಕರಕೊಂಡು ಬಂದೆ. ಮೊದಲು ಮಾಳಿಗೆಯಲ್ಲಿ ದೂರದರ್ಶಕದ ಗುಮ್ಮಟ ಉಂಟಾ ಅಂತ ನೋಡಿದರು. ಇರಲಿಲ್ಲ. ನನ್ನ ಕಂಪ್ಯೂಟರಿನ ಎದುರು ಕೂತರು. ಪರದೆಯ ಮೇಲೆ ಒಂದು ಅಂಕುಡೊಂಕು ಗೆರೆ.

"ಇದರಲ್ಲಿ ಅನಿಲ ಎಲ್ಲುಂಟು?"

"ಇಲ್ಲಿ ಗೆರೆ ಕೆಳಗೆ ಬಿದ್ದಿದೆ ನೋಡಿ, ಅಲ್ಲಿ."

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಅಲ್ಲಿ ಎಂಥದ್ದೂ ಇಲ್ಲವಲ್ಲ."

"ಹೌದು, ಅದೇ!"

ಅವರು ಅಲ್ಲೇ ಕೂತು, ನನಗೆ ಕೇಳಿಸುವ ಹಾಗೆ ತಂಗಿಗೆ ಫೋನು ಮಾಡಿದರು. "ಹೆದರಬೇಡ. ಆಫೀಸು ಉಂಟು. ಎಸಿ ಉಂಟು. ಕ್ಯಾಂಟೀನು ಉಂಟು, ಇಡ್ಲಿ ಪರವಾಗಿಲ್ಲ. ಅನಿಲ ಒಂದು ಇಲ್ಲ, ಅದಕ್ಕೇ ಇವರಿಗೆ ಸಂಬಳ."

ಅಪ್ಪನ ಸರದಿ

ಸಂಬಂಧ ಗಟ್ಟಿಯಾಗುವ ಹಾಗೆ ಕಂಡಾಗ ಅಪ್ಪನಿಗೆ ರೋಷ ಬಂತು. "ಅವರು ವಿಚಾರಿಸಬಹುದಾದರೆ ನಾನು ವಿಚಾರಿಸಬಾರದಾ?" ಅಂತ ಗಲ್ಲಾದಿಂದ ಎದ್ದು ಘಣಸೋಲಿಗೆ ಹೋದರು. ಬರುವಾಗ ಮುಖ ಹುಳ್ಳಗಾಗಿತ್ತು.

"ಹುಡುಗ ರಾತ್ರಿಯಿಡೀ ಮನೆಯಲ್ಲಿರುವುದಿಲ್ಲವಂತೆ. ಬೆಳಗಾಗುವಾಗ ಬಂದು, ಪರದೆ ಎಳೆದು, ಹಗಲೆಲ್ಲ ಮಲಗುತ್ತಾನಂತೆ. ವಾಚ್‌ಮನ್ ಹೇಳಿದ."

"ಕುಡಿತವಾ?" ಅಂತ ಅಮ್ಮ ಅಳಲಿಕ್ಕೇ ಶುರು.

ನಾನು ನೇರ ಹುಡುಗನಿಗೇ ಫೋನು ಹಚ್ಚಿದೆ. ಪಾಪ, ತೊದಲಿದ. ಕಂಪ್ಯೂಟರ್ ಕಂಪನಿಯಲ್ಲಿ ಕಾಯಂ ನೈಟ್ ಶಿಫ್ಟು. ಅದನ್ನು ಹೇಳಿಯೇ ಹಿಂದಿನ ಸಂಬಂಧ ತಪ್ಪಿದ್ದರಿಂದ, ಈ ಸಲ ಬಾಯಿ ಬಿಡಬೇಡ ಅಂತ ತಾಯಿ ತಾಕೀತು ಮಾಡಿದ್ದರಂತೆ. ನಮ್ಮ ಮನೆಯಲ್ಲಿ ಆದದ್ದೇ ಅಲ್ಲೂ!

ವಿಷಯ ಕೇಳಿ ಅಪ್ಪ ತಲೆ ಕೆರೆದುಕೊಂಡರು. "ನಕ್ಷತ್ರದವಳು ರಾತ್ರಿ ಗೊರಕೆ ಹೊಡೆಯುತ್ತಾಳೆ, ಕಂಪ್ಯೂಟರಿನವನು ರಾತ್ರಿ ಎಚ್ಚರ ಇರುತ್ತಾನೆ. ನಿಮ್ಮಿಬ್ಬರ ಡ್ಯೂಟಿ ಯಾರೋ ಅದಲುಬದಲು ಮಾಡಿದ್ದಾರೆ."

ಕಲ್ಯಾಣದಲ್ಲಿ ಕಲ್ಯಾಣ

ಮೇ ತಿಂಗಳು, ಡೊಂಬಿವಲಿಯ ಪಕ್ಕದ ಊರು ಕಲ್ಯಾಣದ ಒಂದು ಹಾಲಿನಲ್ಲಿ ಮದುವೆ. ಅತ್ತೆ ಮಾತ್ರ ಕೆಲಸ ಬಿಡುವ ಮಾತನ್ನು ಇನ್ನೂ ಬಿಟ್ಟಿರಲಿಲ್ಲ. ನೆಂಟರು ಕೇಳಿದರೆ, "ಸದ್ಯ ಎಲ್ಲಿಗೋ ಹೋಗುತ್ತಾಳೆ" ಅಂತ ತೇಲಿಸುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಬೆಳಿಗ್ಗೆ ಹನ್ನೊಂದೂವರೆ. ಸಪ್ತಪದಿ ಮುಗಿಯಿತು. ಭಟ್ಟರು ವರನಿಗೆ, "ಅರುಂಧತಿ ನಕ್ಷತ್ರ ತೋರಿಸಿ" ಅಂದರು. ಆ ಹೊತ್ತಿಗೆ ದಿನಾ ನಿದ್ದೆಯಲ್ಲಿರುವ ವರ, ಅರ್ಧ ಕಣ್ಣು ಮುಚ್ಚಿ, ಬೆರಳನ್ನು ಸೀಲಿಂಗ್ ಫ್ಯಾನಿನ ಕಡೆ ಎತ್ತಿದ.

"ಕಾಣ್ತಾ ಅಮ್ಮಾ?"

ಕಾಣ್ತು ಅನ್ನಬೇಕು. ನಾಡಿನ ಮದುವಣಗಿತ್ತಿಯರೆಲ್ಲ ಅನ್ನುತ್ತಾರೆ. ಆದರೆ ಮೊದಲ ಸಾಲಿನಲ್ಲಿ ನನ್ನ ಸಹೋದ್ಯೋಗಿಗಳೆಲ್ಲ ಕೂತು ಹಲ್ಲು ಕಿರಿಯುತ್ತಿದ್ದರು. ಪಕ್ಕದಲ್ಲಿ ಅಮ್ಮ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

"ಇಲ್ಲ ಭಟ್ರೇ," ಅಂದೆ. "ಈ ತಿಂಗಳಲ್ಲಿ ಈ ಹೊತ್ತಿಗೆ ಅದು ಹುಟ್ಟಿಯೇ ಇರುವುದಿಲ್ಲ. ಉತ್ತರದ ಕಡೆ ನೆಲದ ಕೆಳಗಿರುತ್ತದೆ."

ವಾಲಗದವರು ವಾಲಗ ನಿಲ್ಲಿಸಿದರು. ಭಟ್ಟರು ಅತ್ತೆಯ ಮುಖ ನೋಡಿದರು. ಎಲ್ಲ ಕೆಡಿಸಿದೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ನಾದಿನಿ, "ನಕ್ಷತ್ರ ನೆಲದಡಿಯಲ್ಲಿರುತ್ತದಾ? ಇವಳಿಗೆ ಎಂಥ ಗೊತ್ತು?" ಅಂತ ಕಿಸಕ್ಕನೆ ನಕ್ಕರು.

ಅತ್ತೆಗೆ ಅದು ತಡೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತರು.

"ಗೊತ್ತಿಲ್ಲದೆ ಹೇಳುತ್ತಾಳಾ? ನನ್ನ ಸೊಸೆಯ ಕೆಲಸವೇ ಅದು! ಮುಂದಿನ ಸೋಮವಾರದಿಂದ ಪುನಃ ಹೋಗುತ್ತಾಳೆ. ಭಟ್ರೇ, ಅವಳು ಹೇಳಿದಲ್ಲಿಗೇ ತೋರಿಸಿ!"

ವರ ಬೆರಳನ್ನು ಫ್ಯಾನಿನಿಂದ ಮೆಲ್ಲಗೆ ಇಳಿಸಿ ಜಮಖಾನೆಗೆ ತಂದ. ಭಟ್ಟರು ಬಗ್ಗಿ ನೋಡಿ, "ಅರುಂಧತ್ಯೈ ನಮಃ" ಅಂದರು. ಮುನ್ನೂರು ಜನ ಅಕ್ಷತೆ ಹಿಡಿದುಕೊಂಡು ತಮ್ಮ ತಮ್ಮ ಕುರ್ಚಿಯ ಅಡಿ ಹುಡುಕತೊಡಗಿದರು.