ದೊಡ್ಡವ್ವ ಓದಿದ ಕೊನೆಯ ಕಂತು

ನಮ್ಮ ದೊಡ್ಡವ್ವ ಓದುತ್ತಿದ್ದ ಕಾದಂಬರಿಗಳನ್ನು ಯಾವ ಲೇಖಕನೂ ಬರೆದೇ ಇರಲಿಲ್ಲ! ಎಪ್ಪತ್ತರ ದಶಕದಲ್ಲಿ, ತಮಿಳುನಾಡಿನ ಗಡಿಯೊಳಗಿದ್ದ ನಮ್ಮ ಗೆಟ್ಟವಾಡಿಯಲ್ಲಿ ಈ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ. ಸಿಕ್ಕಿಬಿದ್ದರೆ ಗತಿಯೇನು ಎಂದು ಹೆದರಿ ಸಾಯುತ್ತಿದ್ದವಳೂ ನಾನೊಬ್ಬಳೇ.

ದೊಡ್ಡವ್ವ ಎಂದರೆ ಅಪ್ಪನ ಅತ್ತಿಗೆ. ಚಾಮರಾಜನಗರದ ಕಡೆಯಿಂದ ಬಂದ ಸೊಸೆಯಾದ್ದರಿಂದ ಕನ್ನಡ ಓದಬಲ್ಲವಳು. ಅಪ್ಪ ಕಲಿತದ್ದು ತಮಿಳು ಶಾಲೆಯಲ್ಲಿ; ಮನೆಮಾತು ಕನ್ನಡವೇ ಆದರೂ ಕನ್ನಡ ಅಕ್ಷರ ಅವರ ಪಾಲಿಗೆ ಜಿಲೇಬಿಯ ಸಾಲು. ಗಡಿಯಾಚೆಯ ಬಸ್ಸಿನಲ್ಲಿ ವಾರಪತ್ರಿಕೆ ಬಂದ ದಿನ ಕೇರಿಯ ಹೆಂಗಸರು ನಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುವರು, ದೊಡ್ಡವ್ವ ಧಾರಾವಾಹಿ ಓದುವಳು. ಕನ್ನಡ ಶಾಲೆಗೆ ಹೋಗುತ್ತಿದ್ದ ನಾನು ಅವಳ ಬೆನ್ನ ಹಿಂದೆ ನಿಂತು ಇಣುಕುವೆನು. ಅಚ್ಚಿನಲ್ಲಿ ನಾಯಕಿ ಹಾವು ಕಂಡು ನಾಯಕನ ತೋಳಿನೊಳಗೆ ಮೂರ್ಛೆ ಹೋಗಿರುತ್ತಿದ್ದಳು. ದೊಡ್ಡವ್ವನ ಬಾಯಲ್ಲಿ ಅದೇ ನಾಯಕಿ ಹಾವನ್ನು ಕೋಲಿನಿಂದೆತ್ತಿ ಬೇಲಿಯಾಚೆ ಎಸೆದು, ನಾಯಕನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

"ಇಂಗೇ ಬರ್ದವ್ನಾ ಅಕ್ಕ?" ಪಕ್ಕದ ಮನೆಯಾಕೆಗೆ ಅನುಮಾನ.

"ಅವ್ನೂ ತಾಯಿ ಒಟ್ಟೇಲೇ ಉಟ್ಟವ್ನು ಕಣವ್ವ. ಇನ್ನೆಂಗ್ ಬರ್ದಾನು?"

ಜನ ಎದ್ದು ಹೋದ ಮೇಲೆ ಶುರುವಾಗುತ್ತಿತ್ತು ನಿಜವಾದ ವಿಮರ್ಶೆ. "ಮೂರ್ಛೆ ಓಯ್ತಾಳಂತೆ! ಇವ್ನ ಅವ್ವ ದಿನಾ ಮೂರ್ಛೆ ಓಗಿದ್ರೆ ಇವ್ನಿಗೆ ಇಟ್ಟು ತೊಳಸಾಕೋರು ಯಾರು?"

ಕೆಚ್ಚಿನ ನಾಯಕಿ ಸಿಕ್ಕರೂ ಅವಳಿಗೆ ಸಮಾಧಾನವಿಲ್ಲ. ಲೇಖಕ ಕೂಡಲೇ 'ಗಂಡೆದೆಯವಳು' ಅಂದುಬಿಡುತ್ತಿದ್ದನಲ್ಲ! ಒಂದು ಸಂಜೆ ನಮ್ಮ ರಾಗಿ ಹೊಲಕ್ಕೆ ಆನೆ ನುಗ್ಗಿದಾಗ ತಗಡಿನ ಡಬ್ಬ ಬಡಿಯುತ್ತ ಎದುರು ನಿಂತವಳು ದೊಡ್ಡವ್ವ. ದೊಡ್ಡಪ್ಪ ಮರದ ಮೇಲಿನ ಅಟ್ಟಣೆಯಿಂದ ಇಳಿಯಲೇ ಇಲ್ಲ. ಆನೆ ಹೋದ ಮೇಲೆ ಬಂದ ಊರವರು, "ಗಂಡ್ಸು ಕಣವ್ವ ನೀನು" ಎಂದು ಹೊಗಳಿದರು. ದೊಡ್ಡವ್ವ ಕೈಯಲ್ಲಿದ್ದ ಡಬ್ಬವನ್ನು ಅಟ್ಟಣೆಯತ್ತ ತೋರಿಸಿ, "ಗಂಡ್ಸು ಮ್ಯಾಲವ್ನೆ, ಓಗಿ ಮಾತಾಡ್ಸಿ" ಅಂದಳು.

ಅಷ್ಟರಲ್ಲಿ ನನ್ನ ಗ್ರಹಚಾರ ವಕ್ಕರಿಸಿತು. ಶಾಲೆ ಮುಗಿಸಿದ್ದ ನನಗೆ ಮೈಸೂರಿನಲ್ಲಿ ಟೀಚರ್ ತರಬೇತಿಗೆ ಸೇರುವ ಆಸೆ. ಅಪ್ಪನಿಗೆ ದೊಡ್ಡಗಾಜನೂರಿನ ಒಂದು ಗಂಡಿನ ಮೇಲೆ ಕಣ್ಣು. ಆಗ ನಡೆಯುತ್ತಿದ್ದ ಧಾರಾವಾಹಿಯ ನಾಯಕಿಯೂ ಗಂಡನ ಕಾಟ ತಾಳದೆ ಪಟ್ಟಣಕ್ಕೆ ಹೋಗಿ ಟೀಚರ್ ಆಗಿದ್ದಳು. ಬಾಗಿಲ ಹಿಂದೆ ಕೂತು, ಕೇಳಿಸಿಕೊಳ್ಳದವರಂತೆ ಪ್ರತಿ ಕಂತನ್ನೂ ಕೇಳುತ್ತಿದ್ದ ಅಪ್ಪ ತೀರ್ಪು ಕೊಟ್ಟರು: "ಅವಳ ಬಾಳು ಏನಾಯ್ತದೆ ನೋಡವ. ನೆಟ್ಟಗಾದ್ರೆ ನೀನೂ ಓಗು. ಇಲ್ದಿದ್ರೆ ಸುಮ್ಕೆ ಆ ಗಂಡ್ಗೆ ಊಂ ಅನ್ನು."

ಮಗಳಿಗಾಗಿ ಜಾತಕ ನೋಡಿಸುವವರನ್ನು ಕಂಡಿದ್ದೇನೆ. ಧಾರಾವಾಹಿ ನೋಡಿಸಿದವರು ನಮ್ಮಪ್ಪ ಒಬ್ಬರೇ ಇರಬೇಕು!

ಕೊನೆಯ ಕಂತು ಬಂತು. ದೊಡ್ಡವ್ವನ ಬೆನ್ನ ಹಿಂದಿನಿಂದ ಇಣುಕಿದೆ. ವಾರಗಟ್ಟಲೆ ತಲೆಯೆತ್ತಿ ನಡೆದವಳ ಕುತ್ತಿಗೆಯನ್ನು ಆ ಪುಣ್ಯಾತ್ಮ ಕೊನೆಯ ಪುಟದಲ್ಲಿ ಬಗ್ಗಿಸಿದ್ದ. ಕೆಲಸ ಬಿಡಿಸಿ, ಅಳಿಸಿ, 'ತಪ್ಪಾಯಿತು' ಅನ್ನಿಸಿ, ಹೊಡೆದವನ ಮನೆಗೇ ಕಳಿಸಿದ್ದ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಹೆಣ್ಣೊಬ್ಬಳು ಕೊನೆಯವರೆಗೂ ನೆಟ್ಟಗೆ ನಿಂತಿದ್ದರೆ ಇವನಪ್ಪನ ಗಂಟೇನು ಹೋಗುತ್ತಿತ್ತು? ಅವನು ಒಂದು ಸಾಲಿನಲ್ಲಿ ಮುಗಿಸಿದ್ದು ಇಲ್ಲೊಬ್ಬಳ ಇಡೀ ಬಾಳು ಎಂಬುದರ ಪರಿವೆ ಅವನಿಗಿತ್ತೇ?

ದೊಡ್ಡವ್ವ ಗಂಟಲು ಸರಿಮಾಡಿಕೊಂಡು, ನಾಯಕಿಯನ್ನು ಹೆಡ್‌ಮಿಸ್ಟ್ರೆಸ್ ಮಾಡಿ ಓದು ಮುಗಿಸಿದಳು. ಅಪ್ಪ ಹೊರಗೆ ಬಂದು ಪತ್ರಿಕೆಗೆ ಕೈ ಚಾಚಿದರು. ಅಕ್ಷರ ಓದಿಯಾರೆಂಬ ಭಯವಿರಲಿಲ್ಲ, ಆದರೆ ಪುಟದ ತುಂಬ ಚಿತ್ರವಿತ್ತಲ್ಲ!

"ಇದೇನತ್ಗೆ, ಗಂಡನ ಕಾಲ್ಗೆ ಬಿದ್ದವಳೆ?"

ದೊಡ್ಡವ್ವ ಕೈಯಲ್ಲಿದ್ದ ಅವರೆಕಾಯಿಯನ್ನು ನಿಧಾನವಾಗಿ ಸುಲಿದಳು.

"ಬಿದ್ದಿಲ್ಲ ಕಣಪ್ಪ. ಅವ್ನ ಚಪ್ಪಲಿ ಕಿತ್ಕತಾ ಅವಳೆ. ಬಾರ್ಸಕ್ಕೆ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. "ಸರಿ, ಪೆಟ್ಟಿಗೆ ತುಂಬ್ಕೊ" ಎಂದು ಒಳಗೆ ಹೋದರು.

ಎಂಬತ್ತರ ದಶಕದ ಕೊನೆಗೆ ನಾನು ಟೀಚರಾಗಿದ್ದೆ, ಅಪ್ಪ ತೀರಿಕೊಂಡಿದ್ದರು, ದೊಡ್ಡವ್ವನ ಕಣ್ಣಿಗೆ ಪೊರೆ ಬಂದಿತ್ತು. ರಜೆಯಲ್ಲಿ ಅದೇ ಜಗಲಿಯಲ್ಲಿ ಕೂತು ಅವಳಿಗೆ ಧಾರಾವಾಹಿ ಓದುತ್ತಿದ್ದೆ. ಇನ್ನೊಬ್ಬ ಲೇಖಕ, ಅದೇ ಕೊನೆಯ ಪುಟ.

"ಚಿತ್ರದಲ್ಲಿ ಏನ್ ಮಾಡ್ತಾವಳೆ ಮಗ?"

"ಚಪ್ಪಲಿ ಕಿತ್ಕತಾ ಅವಳೆ ದೊಡ್ಡವ್ವ."

ಅವಳು ನಕ್ಕು, ತಡಕಾಡಿ ನನ್ನ ಕೈ ಹಿಡಿದಳು.

"ಅವತ್ತಿನ ಚಿತ್ರದಲ್ಲಿ ಆ ಗಂಡ ಬರಿಗಾಲಲ್ಲಿದ್ದ ಕಣೆ. ನಿಮ್ಮಪ್ಪನ್ಗೆ ಅಕ್ಸರ ಬತ್ತಿರ್ನಿಲ್ಲ. ಕಣ್ಣು ಚೆನ್ನಾಗೇ ಕಾಣ್ತಿತ್ತು."