ರೀಲು ಬಿಡುವ ಅಂಗಡಿ

ಮೀನಿನ ಗಾಳ ಮಾರುವವನಿಗೆ ನೆಮ್ಮದಿಯ ದಿನ ಎಂಬುದಿಲ್ಲ. ಇವತ್ತೊಂದು ದಿನ ಸುಮ್ಮನೆ ಕುಳಿತೆ ಎನ್ನುವಷ್ಟರಲ್ಲಿ ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬಂದು ನನ್ನ ಮಾನ ಹೋಗುವಂಥ ಪ್ರಶ್ನೆಯನ್ನೇ ಕೇಳುತ್ತಾರೆ.

ಹೊನ್ನಾವರ ಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಹಗ್ಗ, ಪೈಪು, ಬಲೆ ಹೆಣೆಯುವ ನೈಲಾನ್ ನೂಲು, ಇಷ್ಟೇ ಇತ್ತು. ಹದಿನೈದು ವರ್ಷದ ಹಿಂದೆ ಮುಂಬಯಿಯ ಏಜೆಂಟನೊಬ್ಬ ಹತ್ತು ಫಿಶಿಂಗ್ ರಾಡುಗಳನ್ನು ತಂದು ಮೂಲೆಗೆ ಒರಗಿಸಿ, "ಹೊಳೆ ಮೀನು, ಕೆರೆ ಮೀನಿಗೆ ಇನ್ನು ಮುಂದೆ ಇದೇ" ಎಂದು ಹೇಳಿ ಹೋದ. ಹತ್ತೂ ಖರ್ಚಾದವು. ಈಗ ಒಂದು ಗೋಡೆಯ ತುಂಬ ರಾಡು, ನೂಲು ಸುತ್ತುವ ರೀಲು, ಬಗೆಬಗೆಯ ಲೈನು ಅಂದರೆ ಗಾಳದ ನೂಲು. ಭಟ್ಕಳದಿಂದ ಕುಮಟೆಯವರೆಗೆ ಹುಡುಕಿಕೊಂಡು ಬರುತ್ತಾರೆ. ಯಾವ ಮೀನಿಗೆ ಯಾವ ರಾಡು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ.

ಇಲ್ಲೊಂದು ಗುಟ್ಟಿದೆ. ಹುಟ್ಟಿದಂದಿನಿಂದ ನಾನು ಒಂದು ಮೀನನ್ನೂ ಹಿಡಿದವನಲ್ಲ. ತಿಂದದ್ದಕ್ಕೆ ಲೆಕ್ಕವಿಲ್ಲ, ಹಿಡಿದದ್ದು ಸೊನ್ನೆ. ಆದರೆ ನನ್ನ ಹೆಂಡತಿಯ ತವರು ಮೀನುಗಾರರ ಊರಾದ ಅಘನಾಶಿನಿ. "ಅಘನಾಶಿನಿ ಅಳಿಯ ಅಲ್ದ, ಅವಂಗೆ ಗೊತ್ತಿಲ್ದೆ ಇರ್ತದ್ಯ?" ಎಂದು ಜನ ತಾವೇ ತೀರ್ಮಾನ ಮಾಡಿಕೊಂಡರು. ನಾನು ಅಲ್ಲವೆನ್ನಲಿಲ್ಲ. ಪೊಟ್ಟಣದ ಮೇಲಿನ ಇಂಗ್ಲಿಷನ್ನು ಓದಿ ಹೇಳುವುದು, ಒಬ್ಬ ಗಿರಾಕಿಯಿಂದ ಕೇಳಿದ್ದನ್ನು ಇನ್ನೊಬ್ಬನಿಗೆ ದಾಟಿಸುವುದು, ಇಷ್ಟೇ ನನ್ನ ವಿದ್ಯೆ. ಗುಟ್ಟು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ.

"ರೀಲು ಮಾರೂದು ಸಾಕು, ರೀಲು ಬಿಡೂದು ಬೇಡ" ಎನ್ನುತ್ತಿದ್ದಳು. "ಒಂದಿನ ಸಿಕ್ಕಿ ಬೀಳ್ತ್ರಿ. ಆಮೇಲೆ ನಾ ತವರಿಗೆ ಹ್ಯಾಂಗೆ ಮುಖ ತೋರ್ಸೂದು?"

ನನಗೂ ಒಳಗೊಳಗೇ ಅದೇ ಭಯ. ಅಂಗಡಿಯ ಹೆಸರು ಹೋದರೆ ಮತ್ತೆ ಕಟ್ಟಿಕೊಳ್ಳಬಹುದು, ಅಳಿಯನ ಹೆಸರು ಹೋದರೆ ಕಷ್ಟ.

ಎಂಟು ಪೌಂಡು

ಭಟ್ಕಳದ ಗಿರಾಕಿಯೊಬ್ಬರು. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಬಲೆಯ ನೂಲು ಕೊಳ್ಳುವವರು. ಬಲೆಯ ನೂಲನ್ನು ನಾವು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದು. ಈ ಸಲ ಅವರಿಗೆ ಹೊಳೆಯಲ್ಲಿ ಗಾಳ ಹಾಕುವ ಮನಸ್ಸಾಗಿತ್ತು.

"ಯಾವ ಲೈನು ತಕಳ್ಳಲಿ?" ಎಂದರು.

"ಹೊಳೆಗೆ ಎಂಟು ಪೌಂಡಿನದು ಧಾರಾಳ ಸಾಕು" ಎಂದು ಒಂದು ಪುಟ್ಟ ಸುರುಳಿಯನ್ನು ಮುಂದಿಟ್ಟೆ.

ಅವರು ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಮಾಡಿದರು. ನನ್ನ ಮುಖ ನೋಡಿದರು. ಎದ್ದು ಹೋಗಿ ನಮ್ಮದೇ ತಕ್ಕಡಿಯ ಮೇಲೆ ಅದನ್ನಿಟ್ಟರು. ಮುಳ್ಳು ಅಲುಗಲಿಲ್ಲ.

"ಸಾವ್ಕಾರ್ರೆ, ಇದು ನೂರು ಗ್ರಾಮೂ ಇಲ್ಲ. ನಿಮ್ಮಪ್ಪ ಹೀಂಗೆ ಮಾಡಿದವ್ರಲ್ಲ."

"ಪೌಂಡು ಅಂದ್ರೆ ನೂಲಿನ ತೂಕ ಅಲ್ಲ ಭಾಯಿ, ಮೀನಿಂದು. ಎಂಟು ಪೌಂಡಿನ ಮೀನು ಎಳೆದ್ರೂ ಇದು ತುಂಡಾಗೂದಿಲ್ಲ."

"ಮೀನು ಇನ್ನೂ ಹೊಳೆಲಿ ಅದೆ. ಅದ್ರ ತೂಕ ನಿಮ್ಗೆ ಇಲ್ಲಿ ಕೂತು ಹ್ಯಾಂಗೆ ಗೊತ್ತಾತು?"

ನಾನು ಪೊಟ್ಟಣ ತೋರಿಸಿದೆ. ಅದರ ಮೇಲೆ ಬರೆದದ್ದನ್ನು ಬೆರಳಿಟ್ಟು ಓದಿದೆ. ಅವರು ತಾಳ್ಮೆಯಿಂದ ಕೊನೆಯವರೆಗೂ ಕೇಳಿ, ಸುರುಳಿಯನ್ನು ನನ್ನ ಕಡೆಗೇ ತಳ್ಳಿದರು.

"ಆತು ಹಂಗಾರೆ. ಆ ಎಂಟು ಪೌಂಡಿನ ಮೀನನ್ನೇ ಕೊಟ್ಬಿಡಿ. ನೂಲು ನೀವೇ ಇಟ್ಕಳಿ."

ಎರಡೂ ಬಲಗೈ

ಹಳದೀಪುರದಲ್ಲಿ ದೊಡ್ಡ ತೆಂಗಿನ ತೋಟದ ಯಜಮಾನರೊಬ್ಬರಿದ್ದಾರೆ. ತೋಟದೊಳಗೊಂದು ಕೆರೆ. ಅದರಲ್ಲಿ ಕಾಟ್ಲಾ ಮೀನಿನ ಮರಿ ಬಿಟ್ಟು ಬೆಳೆಸಿದ್ದರು. ಬಲೆ ಹಾಕಿದರೆ ಎಲ್ಲ ಒಟ್ಟಿಗೇ ಬರುತ್ತವೆ, ಬೇಕಾದಾಗ ಒಂದೊಂದೇ ಹಿಡಿಯಬೇಕು ಎಂದು ರಾಡು ಕೊಳ್ಳಲು ಬಂದರು. ಶಾಸ್ತ್ರ ಸಂಪ್ರದಾಯ ಎಂದರೆ ಬಹಳ ಕಟ್ಟುನಿಟ್ಟು.

ರೀಲು ತಿರುಗಿಸುವ ಹಿಡಿ ಎಡಗಡೆಗೆ ಇರುವುದನ್ನು ನೋಡಿದವರೇ ಕೈ ಹಿಂದಕ್ಕೆ ತೆಗೆದರು.

"ಇದೆಂತದು? ಎಡಗೈಲಿ ತಿರುಗ್ಸೂದ? ನಾಳೆ ಬಾಯಿಗೆ ಹಾಕೂ ಪದಾರ್ಥನ ಎಡಗೈಲಿ ಎಳೆಯೂಕೆ ಆಗ್ತದ್ಯ?"

"ಅಡ್ಡಿಲ್ಲ ಯಜಮಾನ್ರೆ, ಹಿಡಿ ಬಿಚ್ಚಿ ಬಲಗಡೆ ಹಾಕಿ ಕೊಡ್ತೆ" ಎಂದೆ. ಇದು ಪೊಟ್ಟಣದ ಮೇಲೇ ಇತ್ತು, ಹಾಗಾಗಿ ಧೈರ್ಯವಾಗಿ ಮಾಡಿ ಕೊಟ್ಟೆ. ಅವರಿಗೆ ಖುಷಿಯಾಯಿತು. ಬಲಗೈಯಲ್ಲಿ ಗರಗರ ತಿರುಗಿಸಿದರು. ಎರಡು ನಿಮಿಷದ ಮೇಲೆ ಕೈ ನಿಂತಿತು. ಕೆಳಗೆ ನೋಡಿಕೊಂಡರು.

"ಆದ್ರೆ ಈಗ ಕೋಲು ಎಡಗೈಗೆ ಬಂತಲ್ಲ ಮಾರಾಯಾ!"

ಹೌದು, ಬಂದಿತ್ತು. ಅವರು ಕೋಲನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ದಾಟಿಸಿ ನೋಡಿದರು.

"ಎರಡೂ ಬದಿಗೆ ಬಲಗೈ ಇರೂದು ಬರೂದಿಲ್ವ?" ಎಂದರು.

ಇಲ್ಲವೆಂದರೆ ವಿದ್ಯೆ ಕಡಿಮೆಯಾದೀತೆಂದು ನಾನು ಗಂಭೀರವಾಗಿಯೇ ಹೇಳಿದೆ: "ಬರ್ತದೆ. ಸದ್ಯ ಸ್ಟಾಕಿಲ್ಲ, ಮುಂಬಯಿಂದ ತರಿಸ್ಬೇಕು."

ದೇವರ ಕೋಲು

ಅದೇ ಯಜಮಾನರ ಬೇಲಿಯ ಆಚೆಯ ಮನೆಯ ಅಮ್ಮ. ಎಪ್ಪತ್ತು ದಾಟಿದ್ದಾರೆ, ಈರುಳ್ಳಿಯನ್ನೂ ಮುಟ್ಟದ ಮನೆ. ಇವರು ನನ್ನ ರಾಡುಗಳ ಗೋಡೆಯ ಎದುರು ನಿಂತದ್ದನ್ನು ನೋಡಿ ನನಗೇ ಗಾಬರಿಯಾಯಿತು.

"ಅಮ್ಮಾ, ಇದು ಮೀನಿಂದು."

"ಅದು ನಂಗೂ ಗೊತ್ತಿದ್ದು ತಮಾ. ಎಳದ್ರೆ ಉದ್ದ ಆಗ್ತಡಲಾ, ಅದು ಯಾವ್ದು?"

ಒಂದರೊಳಗೊಂದು ಸೇರುವ ರಾಡನ್ನು ತೆಗೆದು ಎಳೆದು ತೋರಿಸಿದೆ. ತುದಿ ಎದುರಿನ ಅಂಗಡಿಯ ಬೋರ್ಡಿಗೆ ತಾಗಿತು. ಅವರ ಕಣ್ಣು ಅರಳಿತು.

"ಇದ್ಕೆ ದಾಸವಾಳ ಸಿಕ್ತಾ?"

ಸಂಗತಿ ಇಷ್ಟು: ಯಜಮಾನರ ಬೇಲಿಯೊಳಗೆ ಕೆಂಪು ದಾಸವಾಳದ ಗಿಡ. ಹೂವೆಲ್ಲ ಕೈಗೆ ಎಟುಕದಷ್ಟು ಒಳಗೆ. ದೇವರಿಗೆ ಅದೇ ಬಣ್ಣ ಬೇಕು. ನಾನು ರಾಡಿನ ತುದಿಗೆ ತಂತಿಯ ಕೊಕ್ಕೆಯೊಂದನ್ನು ಕಟ್ಟಿ ಕೊಟ್ಟೆ. ತೊಟ್ಟಿಗೆ ಸಿಕ್ಕಿಸಿ, ಅರ್ಧ ತಿರುವಿ, ಎಳೆಯುವುದು. ಅಮ್ಮ ಅಂಗಡಿಯಲ್ಲೇ ಮೂರು ಸಲ ಅಭ್ಯಾಸ ಮಾಡಿದರು. ಮೂರನೇ ಸಲ ನನ್ನ ಕಿವಿಯ ಮೇಲಿದ್ದ ಪೆನ್ಸಿಲು ಅವರ ಕೈಯಲ್ಲಿತ್ತು.

ಹದಿನೈದು ದಿನಕ್ಕೆ ಯಜಮಾನರು ಬಂದರು. ಮುಖ ಬಾಡಿತ್ತು.

"ನಮ್ಮ ದಾಸವಾಳ ಒಂದೂ ಉಳೀತಿಲ್ಲ. ನಿಮ್ಮಲ್ಲಿ ಎಲ್ಲಕ್ಕಿಂತ ಉದ್ದದ ರಾಡು ಯಾವ್ದು?"

"ಎಂತಕ್ಕೆ ಯಜಮಾನ್ರೆ?"

"ಅವ್ರ ಮನೆ ಅಂಗಳದಲ್ಲಿ ನಂದಿಬಟ್ಲು ಅದೆ."

ಫೋಟೋಕ್ಕೆ ಅಡ್ಡಿಲ್ಲ

ಕುಮಟೆಯಿಂದ ಒಂದು ಜೋಡಿ ಬಂತು. ಮುಂದಿನ ತಿಂಗಳು ಮದುವೆ. ಹುಡುಗ ಗಾಳ ಹಾಕುತ್ತಿರುವಂತೆ, ಹುಡುಗಿ ನಾಚುತ್ತಿರುವಂತೆ ಹೊಳೆಯ ದಂಡೆಯಲ್ಲಿ ಫೋಟೋ ತೆಗೆಸಬೇಕಂತೆ. ಹುಡುಗನಿಗೆ ಬೇಕಾದದ್ದು ಅಂಗಿಗೆ ಹೊಂದುವ ಕೆಂಪು ರೀಲು. ಇಂಥ ಗಿರಾಕಿ ಎಂದರೆ ನನಗೆ ಹಬ್ಬ.

ಆದರೆ ಹುಡುಗಿ ಮೀನುಗಾರರ ಮನೆಯವಳು ಎಂದು ನನಗೆ ಮೊದಲು ಹೊಳೆಯಲಿಲ್ಲ. ಅವಳು ರಾಡಿನ ತುದಿ ಬಗ್ಗಿಸಿ ನೋಡಿದಳು. ರೀಲನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ಲೈನನ್ನು ಎರಡು ಬೆರಳಿನ ನಡುವೆ ಎಳೆದು, "ಇದು ಬಿಸಿಲಿಗೆ ಕೂತ ಮಾಲು, ಒಂದೇ ಎಳೆತಕ್ಕೆ ಹೋಗ್ತದೆ" ಎಂದಳು. ಹೌದು, ಅದು ಕಿಟಕಿಯ ಪಕ್ಕದ್ದೇ.

"ನೀವು ಕಡೇ ಸಲ ಗಾಳ ಹಾಕಿದ್ದು ಯಾವಾಗ?" ಎಂದು ನನ್ನನ್ನು ಕೇಳಿದಳು.

"ಈಗ... ಮಳೆಗಾಲ ಇತ್ತಲ್ಲ, ಅದ್ರ ಹಿಂದೆ."

"ಎಂತಾ ಮೀನು ಬಿತ್ತು?"

"ದೊಡ್ಡದು."

"ಹೆಸರು?"

"ಕೇಳೂಕೆ ಪುರಸೊತ್ತಾಗ್ಲಿಲ್ಲ" ಎಂದುಬಿಟ್ಟೆ.

ಹುಡುಗಿ ನನ್ನನ್ನೊಮ್ಮೆ, ಕೆಂಪು ರೀಲು ಹಿಡಿದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ ತನ್ನ ಹುಡುಗನನ್ನೊಮ್ಮೆ ನೋಡಿದಳು. "ಇವ್ರೂ ನಿನ್ನ ಹಾಂಗೇ" ಎಂದಳು ಅವನಿಗೆ. "ಫೋಟೋಕ್ಕೆ ಅಡ್ಡಿಲ್ಲ."

ಮಾಸ್ತರರ ಪರೀಕ್ಷೆ

ಇಷ್ಟಾದರೂ ಗುಟ್ಟು ಉಳಿದಿತ್ತು. ಅದಕ್ಕೆ ನಿಜವಾದ ಗಂಡಾಂತರ ಬಂದದ್ದು ಮಾಸ್ತರರಿಂದ.

ನಿವೃತ್ತರಾದ ಮೇಲೆ ಹೊತ್ತು ಕಳೆಯಲೆಂದು ಗಾಳ ಹಿಡಿದವರು ಇವರು. ಒಂದು ವರ್ಷ ನಾನು ಹೇಳಿದ್ದನ್ನೆಲ್ಲ ತೆಗೆದುಕೊಂಡರು. ಮೀನು ಬೀಳಲಿಲ್ಲ ಎಂದು ಬಂದಾಗ, "ರಾಡು ಗಡಸಾಯಿತು, ಮೆದು ನೋಡಿ" ಎಂದೆ. ಮತ್ತೆ ಬಂದಾಗ, "ಮೆದು ಆಯಿತು" ಎಂದೆ. ಆಮೇಲೆ ಲೈನು ದಪ್ಪ, ಲೈನು ತೆಳು. ಅದೂ ಮುಗಿದ ಮೇಲೆ ಲೈನಿನ ಬಣ್ಣ. ಪಾಪ, ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಆ ಪುಸ್ತಕವನ್ನೇ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು.

"ಒಂದು ವರ್ಷದ ಪಾಠ ಆತು. ಇನ್ನು ಪ್ರಾತ್ಯಕ್ಷಿಕೆ. ರವಿವಾರ ಹಳದೀಪುರ ಯಜಮಾನ್ರ ಕೆರೆಗೆ ಬನ್ನಿ. ನನ್ನ ಎದುರು ಒಂದೇ ಒಂದು ಮೀನು ಹಿಡಿದು ತೋರ್ಸಿ. ಆಗ್ಲಿಲ್ಲ ಅಂದ್ರೆ ಅಘನಾಶಿನಿ ಅಳಿಯ ಫೇಲು ಅಂತ ನಾನೇ ಊರಿಗೆಲ್ಲ ಹೇಳೂದು."

ಮನೆಗೆ ಹೋಗಿ ಹೆಂಡತಿಯ ಮುಂದೆ ಕುಳಿತೆ. "ಎಂತ ಮಾಡೂದು ಈಗ?"

"ಹದಿನೈದು ವರ್ಷ ಊರ ಮೇಲೆ ರೀಲು ಬಿಟ್ರಿ. ಒಂದಿನ ನೀರಿಗೆ ಬಿಡಿ" ಎಂದಳು. ಬೈದರೂ ಶೇಂಗಾ ಹಿಂಡಿ, ಅವಲಕ್ಕಿ ಕಲಸಿ ಉಂಡೆ ಕಟ್ಟಿಕೊಟ್ಟಳು. ಕೊಕ್ಕೆಗೆ ಹೇಗೆ ಮೆತ್ತಬೇಕೆಂದು ತೋರಿಸಿದಳು. ಆದರೆ ಜೊತೆಗೆ ಬರಲು ಒಪ್ಪಲಿಲ್ಲ. "ನನ್ನ ಕಣ್ಣಲ್ಲಿ ನೋಡೂಕಾಗೂದಿಲ್ಲ ಅದು."

ರವಿವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಇಪ್ಪತ್ತು ಜನ. ಮಾಸ್ತರರು ಪುಸ್ತಕ, ಪೆನ್ನು ಸಮೇತ. ಯಜಮಾನರು ಕುರ್ಚಿ ಹಾಕಿಸಿದ್ದರು. ಭಟ್ಕಳದ ಗಿರಾಕಿ ತೂಕದ ಕೊಕ್ಕೆ ಹಿಡಿದುಕೊಂಡೇ ಬಂದಿದ್ದರು. ಕೆರೆಯ ಆಚೆ ದಂಡೆಯಲ್ಲಿ ಬೇಲಿ, ಬೇಲಿಯಾಚೆ ಅಮ್ಮ ತಮ್ಮ ದೇವರ ಕೋಲು ಹಿಡಿದು ದಾಸವಾಳಕ್ಕೆ ಹೊಂಚುತ್ತಿದ್ದರು.

ಎಲ್ಲರ ಎದುರು ಅವಸರದಲ್ಲಿ ರಾಡಿಗೆ ರೀಲು ಕೂರಿಸಿದೆ. ಆ ಗಡಿಬಿಡಿಯಲ್ಲಿ ಎರಡು ಕೆಲಸ ಮರೆತಿದ್ದೆ. ಲೈನನ್ನು ರಾಡಿನ ಬಳೆಗಳೊಳಗೆ ಪೋಣಿಸಿರಲಿಲ್ಲ, ರೀಲಿನ ಬುಡದ ತಿರುಪನ್ನು ಬಿಗಿದಿರಲಿಲ್ಲ. ಉಂಡೆ ಮೆತ್ತಿದೆ, ದೇವರನ್ನು ನೆನೆದೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ.

ರಾಡು ನನ್ನ ಕೈಯಲ್ಲೇ ಉಳಿಯಿತು. ರೀಲು, ಲೈನು, ನೀರಿನ ಮೇಲೆ ತೇಲುವ ಕೆಂಪು ಬೆಂಡು, ಉಂಡೆ ಎಲ್ಲವೂ ಒಟ್ಟಿಗೆ ಹಾರಿ ಕೆರೆಯ ಆಚೆ ಬದಿಗೆ ಹೋಗಿ ಗುಳುಂ ಎಂದು ಬಿದ್ದವು.

ಹಿಂದಿನಿಂದ ಯಾರೋ ಕೂಗಿದರು: "ಸಾವ್ಕಾರ್ರು ರೀಲು ಬಿಟ್ರೋ!"

ಇಪ್ಪತ್ತು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿಬಿಡಲಿ ಎಂದು ನಾನು ನಿಂತಿದ್ದೆ. ಹೆಂಡತಿ ಬಾರದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ. ಅಷ್ಟರಲ್ಲಿ ಯಜಮಾನರು ಕುರ್ಚಿಯಿಂದ ಎದ್ದರು.

"ಬೆಂಡು! ಬೆಂಡು ನೋಡಿ!"

ಆಚೆ ದಂಡೆಯ ಹತ್ತಿರ ತೇಲುತ್ತಿದ್ದ ಬೆಂಡು ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ರೀಲು ಕೆಸರಿನಲ್ಲಿ ಹೂತು ಲೈನನ್ನು ಹಿಡಿದುಕೊಂಡಿತ್ತು, ಕೊಕ್ಕೆಗೆ ಏನೋ ಬಿದ್ದಿತ್ತು. ಈಜಿ ಹೋಗುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಬೇಲಿಯ ಮೇಲಿಂದ ಉದ್ದ ಕೋಲೊಂದು ನೀರಿಗೆ ಚಾಚಿತು. ಬೆಂಡಿನ ಕೆಳಗೆ ಸಿಕ್ಕಿಸಿ, ಅರ್ಧ ತಿರುವಿ, ಎಳೆಯಿತು. ಕೆಂಪು ಬೆಂಡನ್ನು ಅಮ್ಮ ನೀರಿಗೆ ಬಿದ್ದ ದಾಸವಾಳ ಎಂದುಕೊಂಡಿದ್ದರು.

ಬಂದದ್ದು ಒದ್ದಾಡುವ ಕಾಟ್ಲಾ.

"ಅಯ್ಯಯ್ಯೋ, ದೇವರ ಕೋಲು!" ಎಂದು ಅಮ್ಮ ಕೋಲನ್ನು ಬಿಸಾಡಿದರು. "ತಮಾ, ನಾಳೆ ಬತ್ತೆ, ಹೊಸಾ ಕೋಲು ತೆಗೆದಿಡು!" ಭಟ್ಕಳದ ಗಿರಾಕಿ ಓಡಿ ಹೋಗಿ ಮೀನನ್ನು ಕೊಕ್ಕೆಗೆ ಹಾಕಿ ತೂಗಿದರು. ಏಳು ಪೌಂಡು ಬಂತು. "ನೋಡಿ, ಎಂಟು ಅಂದು ಮಾರೂಕೆ ನೋಡಿದ್ದು!" ಎಂದು ಎಲ್ಲರಿಗೂ ತೋರಿಸಿದರು.

ಮಾಸ್ತರರು ಮಾತ್ರ ನಗುತ್ತಿರಲಿಲ್ಲ. ಪುಸ್ತಕದಲ್ಲಿ ಬರೆಯುತ್ತಿದ್ದರು. ಬರೆದು ಮುಗಿಸಿ ನನ್ನ ಬಳಿ ಬಂದು ಕೈ ಹಿಡಿದುಕೊಂಡರು.

"ಈಗ ತಿಳೀತು ನಂಗೆ. ರೀಲು ನಮ್ಮ ಕೈಲಿದ್ರೆ ಮೀನಿಗೆ ನಮ್ಮ ಕೈ ನಡುಗೂದು ಗೊತ್ತಾಗ್ತದೆ. ಹಾಂಗಾಗಿ ನೀವು ರೀಲನ್ನೇ ನೀರಿಗೆ ಬಿಟ್ರಿ. ಒಂದು ವರ್ಷ ಇದೊಂದನ್ನ ಮುಚ್ಚಿಟ್ರಲ್ಲ!"

ಅವರ ಕಣ್ಣಿನಲ್ಲಿ ಪೂರ್ತಿ ನಂಬಿಕೆಯಿತ್ತು. ಇಂಥ ಮನುಷ್ಯನಿಗೆ ಇನ್ನು ಸುಳ್ಳು ಹೇಳಬಾರದು, ತವರು ಹೋಗಲಿ, ಅಂಗಡಿ ಹೋಗಲಿ ಎನ್ನಿಸಿಬಿಟ್ಟಿತು. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಮಾಸ್ತರ್ರೆ, ದೇವರಾಣೆಗೂ ನಿಜ ಹೇಳ್ತೆ. ನಾನು ಹುಟ್ಟಿದ ಮೇಲೆ ಇವತ್ತಿನ ತನಕ ಗಾಳ ಹಾಕಿದವ್ನಲ್ಲ. ನಂಗೆ ಮೀನು ಹಿಡಿಯೂಕೆ ಬರೂದೇ ಇಲ್ಲ."

ಮಾಸ್ತರರು ಒಮ್ಮೆ ನನ್ನನ್ನು, ಒಮ್ಮೆ ಆ ಏಳು ಪೌಂಡಿನ ಕಾಟ್ಲಾವನ್ನು ನೋಡಿದರು. ಆಮೇಲೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

"ಸಾಕು ಮಾರಾಯ್ರೆ, ರೀಲು ಬಿಡ್ಬೇಡಿ!"